ಗೂಡಿನಲ್ಲಿಟ್ಟ ಮೊದಲ ಅಚ್ಚುಬೆಲ್ಲ

ಕಬ್ಬಿನ ಸೀಮೆಯಲ್ಲಿ, ನಾಲೆಯ ಬದಿಗೆ ಒಂದು ಊರು. ಆ ಊರಿನ ಆಲೆಮನೆಗೆ ಹೊಂಬಾಳೇಗೌಡ ಎಂಬವನು ಪಾಕಗಾರ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದ್ದು ಕುದ್ದು ಬೆಲ್ಲದ ಹದಕ್ಕೆ ಬಂದಾಗ ‘ಇಳಿಸಿ’ ಎಂದು ಹೇಳುವುದು ಅವನ ಕೆಲಸ. ಇದೇನು ಮಹಾ ಎನ್ನಬೇಡಿ. ಒಂದು ಗಳಿಗೆ ಮೊದಲು ಇಳಿಸಿದರೆ ಬೆಲ್ಲ ಗಟ್ಟಿಯಾಗದೆ ಜಿಗುಟು ಜಿಗುಟಾಗಿ ಉಳಿಯುತ್ತದೆ. ಒಂದು ಗಳಿಗೆ ತಡವಾದರೆ ಸೀದು ಕಪ್ಪಾಗುತ್ತದೆ. ಗೌಡ ಒಲೆಯ ಪಕ್ಕ ನಿಂತು ಗುಳ್ಳೆ ಏಳುವ ಬಗೆಯನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳ ತುದಿಯಲ್ಲಿ ಉಂಡೆ ಮಾಡಿ ನೋಡುತ್ತಿದ್ದ. ಅವನು ‘ಇಳಿಸಿ’ ಎಂದ ಮೇಲೆ ಬೆಲ್ಲ ಕೆಟ್ಟದ್ದನ್ನು ಯಾರೂ ಕಂಡಿರಲಿಲ್ಲ.

ಆ ಸೀಮೆಯ ಆಲೆಮನೆಗಳಲ್ಲಿ ಒಂದು ಕಟ್ಟುಪಾಡಿತ್ತು. ಕೊಪ್ಪರಿಗೆ ಒಲೆಯ ಮೇಲಿರುವಷ್ಟು ಹೊತ್ತು ಪಾಕವನ್ನು ಯಾರೂ ಹೊಗಳಬಾರದು. ಹೊಗಳಿದರೆ ದೃಷ್ಟಿಯಾಗಿ ಪಾಕ ಕೆಡುತ್ತದೆ ಎಂಬ ನಂಬಿಕೆ. ಬಂದವರು ‘ಹೆಂಗದೆ ಗೌಡ್ರೇ?’ ಎಂದರೆ, ಬಂಗಾರದಂತೆ ಹೊಳೆಯುತ್ತಿದ್ದರೂ ಪಾಕಗಾರ ಮುಖ ಗಂಟಿಕ್ಕಿಕೊಂಡು ‘ಏನೋ ಅದೆ’ ಎನ್ನಬೇಕು. ಕೇಳಿದವರಿಗೂ ಅದು ಗೊತ್ತು. ನಕ್ಕು ಮುಂದೆ ಹೋಗುತ್ತಿದ್ದರು.

ಗೌಡ ಈ ಕಟ್ಟುಪಾಡನ್ನು ಆಲೆಮನೆಯಲ್ಲೇ ಬಿಟ್ಟು ಬರಬೇಕಾಗಿತ್ತು. ಅವನು ಚಪ್ಪಲಿಯನ್ನು ಹೊರಗೆ ಬಿಟ್ಟು ಕಟ್ಟುಪಾಡನ್ನು ಮನೆಯೊಳಕ್ಕೆ ತಂದ.

ಅದಕ್ಕೆ ಕಾರಣವಿತ್ತು. ಹದಿನಾರು ವರ್ಷದವನಿದ್ದಾಗ, ಅವನ ಅಪ್ಪ ಪಾಕ ನೋಡುತ್ತಿದ್ದ ಕಾಲದಲ್ಲಿ, ಒಂದು ದಿನ ಕೊಪ್ಪರಿಗೆಗೆ ಇಣುಕಿ ‘ಅಬ್ಬಾ, ಎಷ್ಟು ಚೆಂದಾಗದೆ!’ ಎಂದುಬಿಟ್ಟಿದ್ದ. ಆ ಪಾಕ ಸೀದುಹೋಯಿತು. ಅಪ್ಪ ಎಲ್ಲರೆದುರು ಕೆನ್ನೆಗೆ ಬಾರಿಸಿ, ‘ನಿನ್ನ ಬಾಯಿ ಒಳ್ಳೇದಲ್ಲ ಕನ್ಲಾ, ಮುಚ್ಕೊಂಡಿರು’ ಎಂದ. ಅದೇ ವರ್ಷ ಕೊಟ್ಟಿಗೆಯಲ್ಲಿ ಹುಟ್ಟಿದ ಕರುವನ್ನು ಮುದ್ದು ಮಾಡಿ ‘ಇಂಥ ಕರು ಊರಲ್ಲೇ ಇಲ್ಲ’ ಎಂದ. ವಾರದೊಳಗೆ ಕರು ಸತ್ತಿತು. ಅಲ್ಲಿಗೆ ಹುಡುಗನಿಗೆ ಖಾತ್ರಿಯಾಯಿತು. ತಾನು ಯಾವುದನ್ನು ಇಷ್ಟಪಟ್ಟು ಬಾಯಿಬಿಟ್ಟು ಹೇಳುತ್ತೇನೋ ಅದು ಉಳಿಯುವುದಿಲ್ಲ!

ಆಮೇಲೆ ಅವನಿಗೆ ದೇವೀರಮ್ಮನೊಡನೆ ಮದುವೆಯಾಯಿತು. ಮುಹೂರ್ತದಲ್ಲಿ ಅಂತರಪಟ ಸರಿಯಿತು. ಎದುರಿಗೆ ದೇವೀರಮ್ಮ. ಹೊಂಬಾಳೇಗೌಡನ ಬಾಯಿಗೆ ಒಂದು ಮಾತು ಬಂದೇಬಿಟ್ಟಿತ್ತು. ಅದನ್ನು ತಡೆಯಲು ಅವನು ನಾಲಿಗೆಯನ್ನು ಎಷ್ಟು ಜೋರಾಗಿ ಕಚ್ಚಿಕೊಂಡನೆಂದರೆ, ಮದುವೆ ಊಟದ ತಿಳಿಸಾರು ಕೂಡ ಉರಿಯಿತು.

ಅಲ್ಲಿಂದ ಇಪ್ಪತ್ತೆರಡು ವರ್ಷ ಅವನು ಹೆಂಡತಿಯನ್ನು ಹೀಗೇ ಕಾಪಾಡಿದ. ಅವಳು ಬಸ್ಸಾರು ಮಾಡಿ ‘ಹೆಂಗದೆ?’ ಎಂದು ಕೇಳಿದರೆ ‘ಏನೋ ಅದೆ’. ಹಬ್ಬಕ್ಕೆ ಹೊಸ ಸೀರೆ ಉಟ್ಟು ಬಂದು ನಿಂತರೆ ‘ಏನೋ ಅದೆ’. ಮಗಳು ಹುಟ್ಟಿದಾಗ ಬಾಗಿಲಲ್ಲೇ ನಿಂತು ಇಣುಕಿ, ಕುಣಿಯುವಷ್ಟು ಖುಷಿಯಾಗಿದ್ದರೂ ‘ಏನೋ ಆಯ್ತು’ ಎಂದು ಹೊರಟುಹೋದ. ಅವಳನ್ನು ಹೆಸರು ಹಿಡಿದು ಕರೆದವನಲ್ಲ. ‘ಲೇಯ್’ ಎಂದರೆ ಅವಳೇ. ಇಷ್ಟ ಹೆಚ್ಚಾದಷ್ಟೂ ಮುಖದ ಗಂಟು ಬಿಗಿಯಾಗುತ್ತಿತ್ತು. ಪಾಪ, ಅವನ ಲೆಕ್ಕದಲ್ಲಿ ಅದೇ ಪ್ರೀತಿ.

ಒಂದೇ ಒಂದು ಕೆಲಸ ಮಾಡುತ್ತಿದ್ದ. ಪ್ರತಿ ವರ್ಷ ಆಲೆಮನೆ ಶುರುವಾದ ದಿನ, ಮೊದಲ ಕೊಪ್ಪರಿಗೆಯ ಮೊದಲ ಅಚ್ಚನ್ನು ಪಂಚೆಯ ಸೆರಗಿನಲ್ಲಿ ಕಟ್ಟಿಕೊಂಡು ಬಂದು, ಅಡುಗೆಮನೆ ಗೋಡೆಯ ಗೂಡಿನಲ್ಲಿ ಇಟ್ಟು, ಮಾತಿಲ್ಲದೆ ಹೋಗುತ್ತಿದ್ದ. ಆ ಅಚ್ಚು ದೇವೀರಮ್ಮನಿಗೆ. ಇದನ್ನೂ ಅವನು ಹೇಳಲಿಲ್ಲ. ತಿಳಿದುಕೊಂಡಿರುತ್ತಾಳೆ ಬಿಡು ಎಂದುಕೊಂಡ.

ಹೀಗೆ ನುಂಗಿದ ಮಾತುಗಳೆಲ್ಲ ಎಲ್ಲಿಗೆ ಹೋಗುತ್ತವೋ ಯಾರಿಗೆ ಗೊತ್ತು! ಗೌಡನಿಗೆ ಮಾತ್ರ ಎಷ್ಟೋ ವರ್ಷದಿಂದ ಎದೆಯುರಿ. ಉಂಡರೂ ಉರಿ, ಉಣ್ಣದಿದ್ದರೂ ಉರಿ. ಅಂಗಿಯ ಜೇಬಿನಲ್ಲಿ ಯಾವಾಗಲೂ ಓಮಿನ ಪೊಟ್ಟಣ.

ಮಗಳಿದ್ದಷ್ಟು ದಿನ ಮನೆಯಲ್ಲಿ ಗಲಗಲ ಮಾತಿತ್ತು. ಅಮ್ಮ ಮಗಳು ಒಲೆ ಮುಂದೆ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಮಗಳ ಮದುವೆಯಾಯಿತು. ಮಳೆಗಾಲಕ್ಕೆ ಆಲೆಮನೆಯೂ ನಿಂತಿತು. ಗಂಡ ದಿನವಿಡೀ ಮನೆಯಲ್ಲೇ. ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದರು. ಸೊಪ್ಪಿನ ಸಾರಿಗೆ ಮುದ್ದೆ ಅದ್ದುವ ಸದ್ದು ಕೂಡ ಕೇಳಿಸುವಷ್ಟು ಮೌನ.

ಮೆಲ್ಲಗೆ ದೇವೀರಮ್ಮನಿಗೆ ಊಟ ಸೇರದಾಯಿತು. ಮುದ್ದೆ ಅರ್ಧವಾಯಿತು, ಅರ್ಧ ಕಾಲಾಯಿತು. ನಿದ್ದೆ ಹೋಯಿತು. ತಲೆನೋವು ಬಂತು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಗೌಡ ಗಾಬರಿಯಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿನ ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿ, ‘ರಕ್ತ ಕಡಿಮೆ ಇದೆ. ಬೇರೆ ಯಾವ ಕಾಯಿಲೆಯೂ ಇಲ್ಲ. ಮಾತ್ರೆ ತಗೊಳ್ಳಿ, ಹೊಟ್ಟೆ ತುಂಬ ಊಟ ಮಾಡಿ’ ಎಂದರು. ದೇವೀರಮ್ಮ ಮಾತ್ರೆ ನುಂಗಿದಳು. ಊಟ ಎಲ್ಲಿ ಮಾಡುತ್ತಾಳೆ? ಮರು ತಿಂಗಳು ಹೋದಾಗ ಡಾಕ್ಟರಮ್ಮ ತಲೆಯಾಡಿಸಿದರು. ‘ಊಟ ಇಲ್ಲದೆ ಮಾತ್ರೆ ಒಂದೇ ಏನು ಮಾಡೀತು? ಹೀಗೇ ಆದ್ರೆ ಅಡ್ಮಿಟ್ ಆಗ್ಬೇಕಾಗುತ್ತೆ.’

ಬಸ್ಸಿನಲ್ಲಿ ಬರುವಾಗ ಗೌಡನಿಗೆ ಥಟ್ಟನೆ ಹೊಳೆಯಿತು. ದೃಷ್ಟಿ! ತಾನು ಬಾಯಿಬಿಟ್ಟು ಹೇಳದಿದ್ದರೇನು, ಮನಸ್ಸಿನೊಳಗೆ ಹೊಗಳಿದ್ದು ಕಡಿಮೆಯೇ? ಅದೇ ತಗುಲಿದೆ!

ಮನೆಗೆ ಬಂದವನೇ ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದ. ಘಾಟು ಎದ್ದರೆ ದೃಷ್ಟಿಯಿಲ್ಲ ಎಂದು ಹೇಳುತ್ತಾರೆ. ಅವತ್ತಿನ ಘಾಟಿಗೆ ಇವರಿಬ್ಬರಿರಲಿ, ಪಕ್ಕದ ಮನೆಯ ಎಮ್ಮೆಯೂ ಸೀನಿತು. ಆದರೂ ಗೌಡನ ಅನುಮಾನ ಹೋಗಲಿಲ್ಲ. ಅವತ್ತಿನಿಂದ ಅವನು ಹೆಂಡತಿಯ ಕಡೆ ನೋಡುವುದನ್ನೂ ಬಿಟ್ಟ. ನೋಡಿದರೆ ತಾನೆ ಮನಸ್ಸಿಗೆ ಬರುವುದು? ಗೋಡೆ ನೋಡಿಕೊಂಡು ಉಂಡ. ಬಾಗಿಲು ನೋಡಿಕೊಂಡು ‘ಲೇಯ್’ ಎಂದ. ದೇವೀರಮ್ಮ ಇನ್ನೂ ಬಡವಾದಳು.

ಕಡೆಗೆ ದಿಕ್ಕು ತೋಚದೆ ಸೂಲಗಿತ್ತಿ ಚಿಕ್ಕತಾಯಜ್ಜಿಯ ಮನೆಗೆ ಹೋದ. ಆ ಊರಿನ ಅರ್ಧ ಜನರನ್ನು ಭೂಮಿಗೆ ತಂದವಳು ಅಜ್ಜಿ. ಗೌಡನೂ ಅವಳ ಕೈಯಲ್ಲೇ ಹುಟ್ಟಿದವನು. ಅಜ್ಜಿಗೆ ಈಗ ಎಂಬತ್ತು ದಾಟಿದೆ, ನಾಲಿಗೆಗೆ ಮಾತ್ರ ಇಪ್ಪತ್ತು.

ಅಜ್ಜಿ ಕೋಲೂರಿಕೊಂಡು ಬಂದಳು. ದೇವೀರಮ್ಮನ ಕಣ್ಣು, ನಾಲಿಗೆ, ಉಗುರು ನೋಡಿದಳು. ಮಾತ್ರೆಯ ಡಬ್ಬಿ ಅಲ್ಲಾಡಿಸಿ, ‘ಇವನ್ನ ಬುಡಬ್ಯಾಡ, ದಿನಾ ನುಂಗು’ ಎಂದಳು. ಆಮೇಲೆ ಹೊರಡುವುದು ಬಿಟ್ಟು ಗೋಡೆಗೊರಗಿ ಕೂತು, ‘ಹೊಟ್ಟೆ ಹಸಿತದೆ ಕನವ್ವಾ, ಒಂದ್ ತುತ್ತು ಮುದ್ದೆ ಇದ್ರೆ ಕೊಡು. ನೀನೂ ಕೂತ್ಕೊ’ ಎಂದಳು. ಉಣ್ಣುತ್ತಾ ಊರ ಸುದ್ದಿ ಹೇಳಿದಳು. ಯಾರದೋ ಮನೆಯ ಕೂಸು ಹೊರಗೆ ಬರುವಾಗಲೇ ಸೂಲಗಿತ್ತಿಯ ಮೂಗುತಿ ಹಿಡಿದು ಎಳೆಯಿತು ಎಂದು ಅಭಿನಯಿಸಿ ತೋರಿಸಿದಳು. ದೇವೀರಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮಾತಿನ ಭರದಲ್ಲಿ ಅವಳ ತಟ್ಟೆಯ ಮುದ್ದೆ ಪೂರ್ತಿ ಖಾಲಿಯಾದದ್ದು ಅವಳಿಗೇ ಗೊತ್ತಾಗಲಿಲ್ಲ. ಅಜ್ಜಿಗೆ ಗೊತ್ತಾಯಿತು. ಬಾಗಿಲ ಸಂದಿಯಲ್ಲಿದ್ದ ಗೌಡನಿಗೂ ಗೊತ್ತಾಯಿತು. ಅವನು ಬಾಯಿ ತೆರೆದುಕೊಂಡೇ ನಿಂತ.

ಅಂಗಳಕ್ಕೆ ಬಂದ ಅಜ್ಜಿ, ‘ಪಾಕದ ಹದ ಹೆಂಗ್ಲಾ ನೋಡ್ತೀಯ?’ ಎಂದು ಕೇಳಿದಳು.

‘ಪಕ್ಕದಲ್ಲೇ ನಿಂತ್ಕೊಂಡು, ಕಣ್ಣಲ್ಲಿ ಕಣ್ಣಿಟ್ಟು. ಆಮೇಲೆ ಕೈಯಲ್ಲಿ ಮುಟ್ಟಿ.’

‘ಹೆಂಡ್ರು ಹದಾನ?’

ಗೌಡ ಕಾಲಬೆರಳಲ್ಲಿ ನೆಲ ಕೆರೆದ.

‘ಸರಿ, ಮದ್ದು ಕೇಳ್ಕೊ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಅವಳ ಪಕ್ಕದಲ್ಲಿ ಕೂತು, ಮುಂಗೈ ಹಿಡಿದು ನಾಡಿ ಎಣಿಸ್ಬೇಕು. ನೂರು ಬಡಿತ. ಎಂಟು ದಿನ. ಮಧ್ಯ ಲೆಕ್ಕ ತಪ್ಪಿದ್ರೆ ಮತ್ತೆ ಒಂದರಿಂದ. ಎಂಟನೇ ದಿನ ಬಂದು ನಂಗೆ ಹೇಳು.’

‘ಅಷ್ಟೇನಾ? ಕಷಾಯ ಗಿಷಾಯ?’

‘ಕಷಾಯ ಕುಡಿದಂಗಿರೋ ಮುಖ ನಿಂದೇ ಒಂದು ಅದೆಯಲ್ಲ, ಸಾಕು’ ಎಂದು ಅಜ್ಜಿ ಹೊರಟಳು.

ಸಂಜೆ ಗೌಡ ಗಂಟಲು ಸರಿಮಾಡಿಕೊಂಡು ಹೆಂಡತಿಯ ಪಕ್ಕ ಕೂತ. ಅದೂ ಒಂದು ಮಾರು ದೂರದಲ್ಲಿ. ಅಲ್ಲಿಂದ ಕೈ ಎಟುಕಲಿಲ್ಲ. ಇನ್ನೂ ಸ್ವಲ್ಪ ಜರುಗಿದ.

‘ಲೇಯ್, ಕೈ ಕೊಡು.’

‘ಯಾಕೆ?’

‘ಅಜ್ಜಿ ಹೇಳವ್ಳೆ.’

ಧಾರೆಯ ದಿನ ಬಿಟ್ಟರೆ ಅವಳ ಕೈಯನ್ನು ಹೀಗೆ ಸಾವಕಾಶವಾಗಿ ಹಿಡಿದದ್ದು ಇದೇ ಮೊದಲು. ಮುಂಗೈ ಮೇಲೆ ಒಂದು ಸುಟ್ಟ ಕಲೆ ಇತ್ತು. ಯಾವಾಗ ಸುಟ್ಟುಕೊಂಡಳು? ಬೆರಳುಗಳು ಒರಟಾಗಿದ್ದವು. ಇಷ್ಟು ಗೇದದ್ದು ಯಾರಿಗಾಗಿ? ಇದನ್ನೆಲ್ಲ ಯೋಚಿಸುತ್ತಾ ಗೌಡ ಎಣಿಸುವುದನ್ನೇ ನಿಲ್ಲಿಸಿಬಿಟ್ಟ.

‘ಮೂವತ್ನಾಲ್ಕು’ ಎಂದಳು ದೇವೀರಮ್ಮ.

‘ಏನು?’

‘ನೀವು ಮೂವತ್ನಾಲ್ಕಕ್ಕೆ ನಿಲ್ಸಿದ್ರಿ. ತುಟಿ ಅಲ್ಲಾಡ್ತಿತ್ತು, ನೋಡ್ತಿದ್ದೆ.’

‘ಹಂಗಾರೆ ಮತ್ತೆ ಒಂದರಿಂದ’ ಎಂದು ಗೌಡ ಮುಖ ಗಂಟಿಕ್ಕಿದ. ಆದರೆ ಕೈ ಬಿಡಲಿಲ್ಲ.

ಮಾರನೆಯ ದಿನ ಐವತ್ತರವರೆಗೆ ಹೋಯಿತು. ಮೂರನೆಯ ದಿನ ಪಕ್ಕದ ಮನೆಯವಳು ಮಜ್ಜಿಗೆ ಕೇಳಲು ಬಂದು, ಗೌಡ ಹೆಂಡತಿಯ ಕೈಹಿಡಿದು ಕೂತದ್ದು ನೋಡಿ, ಮಜ್ಜಿಗೆ ಮರೆತು ಓಡಿದಳು. ಬೆಳಗಾಗುವಷ್ಟರಲ್ಲಿ ಸುದ್ದಿ ಊರೆಲ್ಲ. ಹಾಲಿನ ಡೈರಿಯ ಮುಂದೆ ಒಲೆ ಮಾದಪ್ಪ ಕಾದು ನಿಂತಿದ್ದ. ಆಲೆಮನೆಯ ಒಲೆಗೆ ಕಬ್ಬಿನ ಸಿಪ್ಪೆ ಹಾಕುವವನು ಅವನು, ಗೌಡನ ಹಳೆಯ ಜೊತೆಗಾರ.

‘ಗೌಡ್ರೇ, ಪಾಕ ಹೆಂಗದೆ?’ ಎಂದ ಮಾದಪ್ಪ. ಕ್ಯಾನು ಹಿಡಿದು ನಿಂತಿದ್ದವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಗೌಡನ ಕಿವಿ ಕೆಂಪಾಯಿತು. ಆದರೂ ಸಂಜೆ ಹೊತ್ತಿಗೆ ಸರಿಯಾಗಿ ಹೋಗಿ ಕೂತ.

ಆರನೆಯ ದಿನ ಗೌಡನಿಗೆ ಬರುವುದು ತಡವಾಯಿತು. ಬಂದು ನೋಡಿದರೆ ದೇವೀರಮ್ಮ ಆಗಲೇ ಕೈ ಮುಂದೆ ಚಾಚಿಕೊಂಡು ಹಜಾರದಲ್ಲಿ ಕೂತಿದ್ದಳು. ಅವತ್ತು ಅವಳು ಅರ್ಧ ಮುದ್ದೆ ಉಂಡಳು. ಗೌಡನಿಗೆ ಎಷ್ಟು ಖುಷಿಯಾಯಿತೆಂದರೆ, ತಕ್ಷಣ ಎದ್ದು ಹೊರಗೆ ಹೋಗಿ ಓಮು ಬಾಯಿಗೆ ಹಾಕಿಕೊಂಡ.

ಎಂಟನೆಯ ದಿನ ಬೆಳಿಗ್ಗೆ ಅಜ್ಜಿಗೆ ವರದಿ ಒಪ್ಪಿಸಿದ. ‘ಅರ್ಧ ಮುದ್ದೆ ಉಣ್ತಾವ್ಳೆ. ಅದರ ಮೇಲೆ ಏರಕ್ಕಿಲ್ಲ.’

‘ಕೈ ಆಯ್ತು. ಇನ್ನು ಬಾಯಿ. ಇವತ್ತಿಂದ ನೂರು ಎಣಿಸಿದ ಮೇಲೆ ಒಂದು ಮಾತು ಹೇಳ್ಬೇಕು. ಅವಳ ಬಗ್ಗೆ, ಅವಳಿಗೇ. ಒಳ್ಳೆ ಮಾತು. ಸುಳ್ಳು ಹೇಳಂಗಿಲ್ಲ.’

ಗೌಡ ಬೆವತುಹೋದ. ‘ಅದೊಂದು ಬ್ಯಾಡ ಅಜ್ಜಿ. ನಾನು ಬಾಯ್ಬುಟ್ರೆ ಅವಳು ಉಳಿಯಕ್ಕಿಲ್ಲ’ ಎಂದು, ಸೀದ ಪಾಕದ ಕಥೆ, ಸತ್ತ ಕರುವಿನ ಕಥೆ, ನಾಲಿಗೆ ಕಚ್ಚಿಕೊಂಡ ಕಥೆ ಎಲ್ಲ ಹೇಳಿದ. ಹೇಳುತ್ತಾ ಹೇಳುತ್ತಾ ಅಷ್ಟು ದೊಡ್ಡ ಗಂಡಸು ಕಣ್ಣೊರೆಸಿಕೊಂಡ.

ಅಜ್ಜಿ ಕೋಲಿನಿಂದ ನೆಲ ಕುಟ್ಟಿದಳು. ‘ಆ ಪಾಕ ಸೀದ ದಿನ ಬೆಲ್ಲ ಕೇಳ್ಕೊಂಡು ನಾನೂ ಅಲ್ಲಿಗೆ ಹೋಗಿದ್ದೆ ಕನ್ಲಾ. ನಿಮ್ಮಪ್ಪ ಎಲೆಅಡಿಕೆ ಹಾಕ್ಕೊಂಡು ಮಾತಿಗೆ ನಿಂತ, ಒಲೆ ಮರೆತ. ಸಿಕ್ಕಾಕ್ಕೊಂಡವ್ನು ನೀನು. ಇನ್ನು ಆ ಕರು. ಆ ವಾರ ಊರಲ್ಲಿ ಆರು ಕರು ಸತ್ವು. ಆರನ್ನೂ ನೀನೇ ಹೊಗಳಿದ್ಯಾ?’

ಗೌಡನಿಗೆ ಮಾತು ಸರಿಯೆನಿಸಿತು. ಆದರೆ ಇಪ್ಪತ್ತು ಮೂವತ್ತು ವರ್ಷ ಎದೆಯಲ್ಲಿ ಕೂತ ಭಯ ಸರಿಯಾದ ಮಾತಿಗೆಲ್ಲ ಎದ್ದು ಹೋಗುವುದಿಲ್ಲ.

‘ಆದ್ರೂ ಏನಾರ ಆಗ್ಬುಟ್ರೆ?’

‘ಬಾಯ್ಬುಟ್ರೆ ಏನಾಗ್ತದೋ ನಂಗೊತ್ತಿಲ್ಲ. ಮುಚ್ಕೊಂಡಿದ್ರೆ ಏನಾಗ್ತದೆ ಅಂತ ಮನೇಲಿ ಕಣ್ಮುಂದೆನೇ ಅದೆಯಲ್ಲೋ. ನೋಡು, ನೀನು ಹುಟ್ಟಿದಾಗ ಅಳನೇ ಇಲ್ಲ. ಮೈಯೆಲ್ಲ ನೀಲಿ. ನಿಮ್ಮವ್ವ ಕೂಸು ಹೋಯ್ತು ಅಂತ ಎದೆ ಎದೆ ಬಡ್ಕೊಂಡ್ಳು. ನಾನು ಬೆನ್ನಿಗೆ ಎರಡು ಕೊಟ್ಟೆ. ಆಗ ಬಾಯ್ಬುಟ್ಟೆ, ಆಗ ಬದುಕ್ದೆ. ಈಗ್ಲೂ ಹಂಗೇ ಮಾಡ್ಬೇಕಾ?’

ಅಜ್ಜಿ ಕೋಲು ಎತ್ತಿದಳು. ಗೌಡ ಎದ್ದು ಮನೆಯ ದಾರಿ ಹಿಡಿದ.

ಸಂಜೆ ಇಬ್ಬರೂ ಹಜಾರದಲ್ಲಿ ಕೂತರು. ಗೌಡ ನಾಡಿ ಹಿಡಿದು ಎಣಿಸತೊಡಗಿದ. ಎಪ್ಪತ್ತಾಯಿತು, ಎಂಬತ್ತಾಯಿತು. ನೂರು ಹತ್ತಿರ ಬಂದಷ್ಟೂ ಅವನ ಎಣಿಕೆ ನಿಧಾನವಾಯಿತು. ತೊಂಬತ್ತೈದಕ್ಕೆ ದೇವೀರಮ್ಮ ತಾನೇ ಮಾತು ತೆಗೆದಳು.

‘ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬ್ಯಾಡಿ. ನಾಳೆಯಿಂದ ಈ ಎಣ್ಸೋದು ಬ್ಯಾಡ. ಅಜ್ಜಿಗೆ ನಾನೇ ಹೇಳ್ತೀನಿ.’

‘ಯಾಕೆ?’

‘ಅಂತರಪಟ ಸರಿದಾಗ ನನ್ನ ನೋಡಿ ನೀವು ಮುಖ ಕಿವುಚಿದ್ರಿ. ಅವತ್ತೇ ಗೊತ್ತಾಯ್ತು ನಂಗೆ, ನಾನು ಹಿಡಿಸ್ಲಿಲ್ಲ ಅಂತ. ಆದ್ರೂ ಒಂದು ದಿನ ಬೈಯಲಿಲ್ಲ, ಕೈಯೆತ್ತಲಿಲ್ಲ. ನಿಭಾಯಿಸಿದ್ರಿ. ಈಚೀಚೆಗೆ ನನ್ನ ಮುಖ ನೋಡಕ್ಕೂ ಆಗ್ತಿಲ್ಲ ನಿಮಗೆ. ಹಂಗಿರುವಾಗ ದಿನಾ ಎರಡೊತ್ತು ಕೈ ಹಿಡ್ಕೊಂಡು ಕೂರೋ ಶಿಕ್ಷೆ ನಿಮಗ್ಯಾಕೆ?’

ಅವಳು ಮೆಲ್ಲಗೆ ಕೈ ಎಳೆದುಕೊಳ್ಳಲು ನೋಡಿದಳು.

ಹೊಂಬಾಳೇಗೌಡನಿಗೆ ನೆಲವೇ ಜಾರಿದಂತಾಯಿತು. ಇಪ್ಪತ್ತೆರಡು ವರ್ಷ! ಇಪ್ಪತ್ತೆರಡು ವರ್ಷ ಇವಳು ಹೀಗಂದುಕೊಂಡು ತನಗೆ ಅನ್ನ ಬಡಿಸಿದ್ದಾಳೆ. ಕಾಪಾಡುತ್ತಿದ್ದೇನೆ ಅಂದುಕೊಂಡವನು ದಿನಾ ಒಂದೊಂದು ತುತ್ತು ಅವಳ ತಟ್ಟೆಯಿಂದ ತಾನೇ ಕಿತ್ತುಕೊಂಡಂತಾಯಿತು. ಬಾಯಿ ತೆರೆದ. ಹೇಳಿದರೆ ಇವಳಿಗೇನಾದರೂ ಆದರೆ? ಹೇಳದೆ ಇದ್ದರೆ? ಅವಳ ಬಳೆಗಳು ಮೊಣಕೈಗೆ ಜಾರಿದ್ದವು. ಗೌಡ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

‘ನಾಲಿಗೆ ಕಚ್ಕೊಂಡೆ ಕಣಮ್ಮಿ.’

‘ಏನು?’

‘ಮುಖ ಕಿವುಚಲಿಲ್ಲ. ನಾಲಿಗೆ ಕಚ್ಕೊಂಡೆ. ರಕ್ತ ಬಂತು. ಇಷ್ಟು ಚೆಂದಾಗಿರೋಳು ನಂಗಾ ಅಂತ ಬಾಯಿಗೇ ಬಂದ್ಬುಟ್ಟಿತ್ತು. ಹೇಳಿದ್ರೆ ದೃಷ್ಟಿಯಾಗ್ತದೆ ಅಂತ ನುಂಗ್ದೆ. ನಾನು ಹೊಗಳಿದ್ದು ಯಾವುದೂ ಉಳಿಯಕ್ಕಿಲ್ಲ ಅಂತ ಅಪ್ಪ ಹೇಳಿದ್ದ. ನೀನು ಉಳೀಬೇಕು ಅಂತ ಬಾಯಿ ಮುಚ್ಕೊಂಡೆ ದೇವೀರಿ.’

ಹೆಸರು ಹಿಡಿದು ಕರೆದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಅವಳಿಗೆ ಗೊತ್ತಾಯಿತು. ಕಟ್ಟೆ ಒಡೆದ ಮೇಲೆ ನಾಲೆಯ ನೀರು ನಿಲ್ಲುತ್ತದೆಯೇ? ಗೌಡ ಹೇಳುತ್ತಲೇ ಹೋದ. ನಿನ್ನ ಬಸ್ಸಾರು ಉಂಡ ಮೇಲೆ ಯಾರ ಮನೆ ಔತಣವೂ ನಂಗೆ ಸೇರಲ್ಲ ಎಂದ. ಆ ಹಸಿರು ಸೀರೆ ಉಟ್ಟ ಯುಗಾದಿ ದಿನ ದನದ ಕೊಟ್ಟಿಗೆಗೆ ಹೋಗಿ ಒಬ್ಬನೇ ನಕ್ಕೆ ಎಂದ. ಮಗಳು ಹುಟ್ಟಿದ ದಿನ ಆಲೆಮನೆ ಹಿಂದೆ ಕೂತು ಅತ್ತೆ ಎಂದ. ದೇವೀರಮ್ಮನ ಕಣ್ಣಲ್ಲಿ ನೀರು, ಬಾಯಲ್ಲಿ ನಗು.

‘ಇಷ್ಟನ್ನ ಹೇಳಕ್ಕೆ ಇಪ್ಪತ್ತೆರಡು ವರ್ಸ ಬೇಕಾಯ್ತಾ ನಿಮಗೆ?’

‘ಬಾಯಲ್ಲಿ ಹೇಳಲಿಲ್ಲ, ಸರಿ. ವರ್ಸ ವರ್ಸ ಮೊದಲನೇ ಅಚ್ಚು ತಂದು ಗೂಡಲ್ಲಿ ಮಡಗ್ತಿದ್ನಲ್ಲ, ಅದು ಯಾರಿಗೆ ಅಂದ್ಕೊಂಡಿದ್ದೆ?’

‘ದೇವರಿಗೆ!’

‘ದೇವರಿಗಾ? ನಿಂಗೆ ಕಣಮ್ಮಿ!’

ದೇವೀರಮ್ಮ ಹಣೆ ಹಣೆ ಚಚ್ಚಿಕೊಂಡಳು. ‘ಅಯ್ಯೋ ನನ್ನ ಕರ್ಮವೇ! ಮೊದಲನೇ ಅಚ್ಚು ದೇವರದು ಅಂತ ನಾನು ಒಂದು ಚೂರೂ ಬಾಯಿಗೆ ಹಾಕ್ಕೊಂಡಿಲ್ಲ. ಪೂಜೆ ಮಾಡಿ ಇಡೀ ಬೀದಿಗೆ ಹಂಚಿದ್ದೀನಲ್ಲ!’

ಗೌಡ ಬಾಗಿಲಾಚೆ ಬೀದಿಯ ಕಡೆ ನೋಡಿದ. ಆಮೇಲೆ, ‘ಅದಕ್ಕೇ ಈ ಬೀದಿ ಜನ ಎಲ್ಲ ಗುಂಡುಗುಂಡಗವ್ರೆ’ ಎಂದ.

ದೇವೀರಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಹಸಿವಾಯಿತು. ಎದ್ದು ಹೋಗಿ ಎರಡು ತಟ್ಟೆ ತಂದು, ಗಂಡನ ಎದುರಿಗಲ್ಲ, ಪಕ್ಕಕ್ಕೆ ಕೂತು, ಒಂದು ಇಡೀ ಮುದ್ದೆ ಉಂಡಳು. ಸಾಲದೆಂದು ಗಂಡನ ತಟ್ಟೆಯಿಂದ ಒಂದು ತುತ್ತು ಮುರಿದುಕೊಂಡಳು.

ಬೆಳಕು ಹರಿಯುವ ಮುಂಚೆ ಗೌಡನಿಗೆ ಎಚ್ಚರವಾಯಿತು. ಹಳೆಯ ಭಯ ಎದೆಗೆ ಬಂದು ಕೂತಿತು. ಹೇಳಿಬಿಟ್ಟೆ! ಎಲ್ಲವನ್ನೂ ಹೇಳಿಬಿಟ್ಟೆ! ಇವಳು ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಹೆದರುತ್ತಾ ಬಗ್ಗಿ ನೋಡಿದ. ನೋಡುವುದೇನು ಬಂತು, ದೇವೀರಮ್ಮ ಗೊರಕೆ ಹೊಡೆಯುತ್ತಿದ್ದಳು. ತಿಂಗಳುಗಟ್ಟಲೆ ನಿದ್ದೆಯಿಲ್ಲದವಳ ಗೊರಕೆ! ಗಾಣ ತಿರುಗಿದಂತೆ ಸದ್ದು. ಹೊಂಬಾಳೇಗೌಡ ಅದನ್ನು ಕೇಳುತ್ತಾ ಗೋಡೆಗೊರಗಿ ಕೂತ. ಲೋಕದಲ್ಲಿ ಅಷ್ಟು ಇಂಪಾದ ಸದ್ದನ್ನು ಅವನು ಕೇಳಿರಲಿಲ್ಲ.

ಆಮೇಲಿನದು ಬೇಗ ಆಯಿತು. ದಿನವೂ ನೂರು ಬಡಿತ, ಒಂದು ಮಾತು. ಊಟ ಮೈಗೆ ಹತ್ತಿತು. ಊಟದ ಜೊತೆಗೆ ಮಾತ್ರೆಯೂ ಕೆಲಸ ಮಾಡಿತು. ಜಾರುತ್ತಿದ್ದ ಬಳೆ ಮುಂಗೈಯಲ್ಲಿ ನಿಂತಿತು. ಎರಡು ತಿಂಗಳಾದ ಮೇಲೆ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿ, ‘ಅರೆ, ಎಷ್ಟು ಏರಿದೆ! ಏನು ಊಟ ಮಾಡಿದ್ರಿ?’ ಎಂದು ಕೇಳಿದರು. ದೇವೀರಮ್ಮ ಗಂಡನ ಕಡೆ ನೋಡಿ, ‘ಅದೇ ಮುದ್ದೆ, ಅದೇ ಸಾರು. ನಂಚ್ಕೊಳ್ಳಕ್ಕೆ ಎರಡು ಮಾತು ಸಿಕ್ಕಿತ್ತು’ ಎಂದಳು.

ಗೌಡ ಅಜ್ಜಿಗೆ ಸುದ್ದಿ ಮುಟ್ಟಿಸಲು ಹೋದ. ಅಜ್ಜಿ ಎಲ್ಲ ಕೇಳಿ, ‘ನಿನ್ನ ಎದೆಯುರಿ ಹೆಂಗದೆ?’ ಎಂದಳು.

ಗೌಡ ಜೇಬು ಮುಟ್ಟಿಕೊಂಡ. ಓಮಿನ ಪೊಟ್ಟಣ ಇರಲಿಲ್ಲ. ಎಲ್ಲಿ ಬಿಟ್ಟೆ? ಯಾವಾಗ ಬಿಟ್ಟೆ? ಯೋಚಿಸಿದರೆ, ಉರಿ ಬಂದೇ ಎಷ್ಟೋ ದಿನವಾಗಿತ್ತು.

‘ನಾನು ಮದ್ದು ಕೊಟ್ಟಿದ್ದು ಒಬ್ಬರಿಗೆ ಅಂದ್ಕೊಂಡ್ಯಾ?’ ಎಂದು ಅಜ್ಜಿ ಬೊಚ್ಚುಬಾಯಿ ತುಂಬ ನಕ್ಕಳು.

ಮಳೆಗಾಲ ಮುಗಿಯಿತು. ಆಲೆಮನೆಯ ಒಲೆ ಹೊತ್ತಿತು. ಮೊದಲ ಕೊಪ್ಪರಿಗೆಯ ದಿನ ದೇವೀರಮ್ಮ ನಾಲೆಯ ಏರಿ ಮೇಲೆ ಸರಸರನೆ ನಡೆದುಕೊಂಡು ಬಂದಳು. ಹಿಂದೆ ಕೋಲೂರಿಕೊಂಡು ಅಜ್ಜಿ. ಕೊಪ್ಪರಿಗೆಯಲ್ಲಿ ಪಾಕ ಹದಕ್ಕೆ ಬರುತ್ತಿತ್ತು. ಮಾದಪ್ಪ ಒಲೆಗೆ ಸಿಪ್ಪೆ ತುರುಕುತ್ತಾ ಎಂದಿನಂತೆ ಕೇಳಿದ.

‘ಹೆಂಗದೆ ಗೌಡ್ರೇ?’

ಎಲ್ಲರೂ ‘ಏನೋ ಅದೆ’ ಎಂಬ ಮಾತಿಗೆ ಕಾದರು. ಗೌಡ ಪಾಕದ ಕಡೆ ನೋಡಿದ. ಹೆಂಡತಿಯ ಕಡೆ ನೋಡಿದ. ಭಯ ಪೂರ್ತಿ ಹೋಗಿರಲಿಲ್ಲ. ಆದರೂ ಆಲೆಮನೆಯ ಮೂಲೆ ಮೂಲೆಗೂ ಕೇಳುವಂತೆ ಗಟ್ಟಿಯಾಗಿ ಹೇಳಿದ.

‘ಭಾಳ ಚೆಂದಾಗದೆ!’

ಮಾದಪ್ಪನ ಕೈಯಿಂದ ಸಿಪ್ಪೆ ಕೆಳಗೆ ಬಿತ್ತು. ಗಾಣದವನು ಗಾಣ ನಿಲ್ಲಿಸಿದ. ಗೌಡ ಯಾರನ್ನೂ ನೋಡಲಿಲ್ಲ. ಕಣ್ಣು ಪಾಕದ ಮೇಲೆ ನೆಟ್ಟಿತ್ತು. ಹದ ಬಂತು. ‘ಇಳಿಸಿ’ ಎಂದ. ಇಳಿಸಿ, ಆರಿಸಿ, ಅಚ್ಚಿಗೆ ಸುರಿದರು. ಅಚ್ಚು ಮಗುಚಿದಾಗ ಮೊದಲ ಬೆಲ್ಲ ಹೊಂಬಣ್ಣಕ್ಕೆ ತಿರುಗಿ, ಒಂದು ಬಿರುಕಿಲ್ಲದೆ ಗಟ್ಟಿಯಾಗಿ ಈಚೆ ಬಂತು. ಆಲೆಮನೆಯಲ್ಲಿ ಎಲ್ಲರೂ ಒಟ್ಟಿಗೆ ಉಸಿರುಬಿಟ್ಟರು.

ಆ ವರ್ಷ ಮೊದಲ ಅಚ್ಚು ಗೂಡಿಗೆ ಹೋಗಲಿಲ್ಲ. ಗೌಡ ಅದನ್ನು ಎಲ್ಲರ ಮುಂದೆ ಹೆಂಡತಿಯ ಅಂಗೈಗೆ ಇಟ್ಟ. ‘ಇದು ನಿಂಗೆ ದೇವೀರಿ’ ಎಂದ. ‘ದೇವರಿಗೆ ಎರಡನೇದು.’

ದೇವೀರಮ್ಮ ಅಚ್ಚನ್ನು ಎರಡಾಗಿ ಮುರಿದಳು. ಒಂದನ್ನು ತಾನು ಕಚ್ಚಿದಳು. ಇನ್ನೊಂದನ್ನು, ಇಪ್ಪತ್ತೆರಡು ವರ್ಷ ‘ಏನೋ ಅದೆ’ ಎಂದ ಆ ಬಾಯಿಗೆ ತುರುಕಿ, ‘ಹೆಂಗದೆ ಹೇಳಿ?’ ಎಂದಳು.

ಬಾಯಿ ತುಂಬ ಬೆಲ್ಲ. ಹೊಂಬಾಳೇಗೌಡ ಮಾತಾಡಲು ನೋಡಿದ, ಆಗಲಿಲ್ಲ. ಅದಕ್ಕೆ ಮುಂಗೈ ಚಾಚಿದ. ದೇವೀರಮ್ಮ ಅವನ ನಾಡಿ ಹಿಡಿದು, ಊರಿನವರೆಲ್ಲ ನೋಡುತ್ತಿರುವಂತೆಯೇ, ಒಂದರಿಂದ ಎಣಿಸತೊಡಗಿದಳು.

ನೀತಿ: ಮನಸ್ಸಿನಲ್ಲೇ ಇಟ್ಟುಕೊಂಡ ಪ್ರೀತಿ ನಮ್ಮವರ ಮೈಗೆ ಹತ್ತುವುದಿಲ್ಲ. ಕಾಯಿಲೆಗೆ ಮಾತ್ರೆ ಕೊಡುವುದು ಡಾಕ್ಟರ ಕೆಲಸ, ಊಟ ಸೇರುವಂತೆ, ನಿದ್ದೆ ಬರುವಂತೆ ಮಾಡುವುದು ಮನೆಯವರ ಕೆಲಸ. ಅದಕ್ಕೆ ಪಕ್ಕದಲ್ಲಿ ಕೂರಬೇಕು, ಕೈ ಹಿಡಿಯಬೇಕು, ಬಾಯಿಬಿಟ್ಟು ಒಂದು ಒಳ್ಳೆಯ ಮಾತು ಹೇಳಬೇಕು. ಕೇಳಿದವರಷ್ಟೇ ಅಲ್ಲ, ಹೇಳಿದವರೂ ಗುಣವಾಗುತ್ತಾರೆ. ಅವರಿಗೆ ಗೊತ್ತಿರುತ್ತದೆ ಬಿಡು ಎಂದುಕೊಳ್ಳಬೇಡಿ. ಗೊತ್ತಿರುವುದಿಲ್ಲ. ಇವತ್ತೇ ಹೋಗಿ ಹೇಳಿ.